ಮನೆಗೊಂದು ಪಾತಿ



ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ವರುಷಕ್ಕೊಮ್ಮೆ ಒಂದೆಡೆ ಸೇರಿದಾಗ ಮಾತು ಮೊದಲು ಮಕ್ಕಳ ಮೇಲೆಯೂ, ಆಮೇಲೆ ಮನೆವಾರ್ತೆಯ ಮೇಲೆಯೂ, ಕೊನೆಗೆ ತರಕಾರಿಯ ಬೆಲೆಯ ಮೇಲೆಯೂ ಬಂದು ನಿಲ್ಲುವುದು ವಾಡಿಕೆ. ಆಗ ಯಾರಾದರೊಬ್ಬರು, "ಈ ಸಾರಿ ನಾವೇ ಮನೆಯಲ್ಲಿ ಬೆಳೆದುಕೊಳ್ಳೋಣ" ಎನ್ನುವರು, ಉಳಿದವರೆಲ್ಲರೂ ಹೌದೆನ್ನುವರು. ಈ ಉತ್ಸಾಹವು ಯುಗಾದಿಯ ಹೊತ್ತಿಗೆ ಮೊಳೆತು, ಏಪ್ರಿಲ್ ತಿಂಗಳ ಬಿಸಿಲಿಗೆ ಬಾಡಿ, ರಜದಲ್ಲಿ ನೆಂಟರ ಮನೆಗೆ ಹೋಗಿ ಬರುವಷ್ಟರಲ್ಲಿ ಸಂಪೂರ್ಣವಾಗಿ ಒಣಗಿಹೋಗುವುದನ್ನು ನಾವು ಅನೇಕ ಮನೆಗಳಲ್ಲಿ ಕಂಡಿರುವೆವು; ನಮ್ಮ ಮನೆಯಲ್ಲಿಯೂ ಕಂಡಿರುವೆವು. ಆದಕಾರಣ ಈ ವಿಷಯದಲ್ಲಿ ನಮಗೆ ತೋರಿದ ನಾಲ್ಕು ಮಾತುಗಳನ್ನು ಈ ಸಂಚಿಕೆಯ ಮೂಲಕ ತಮ್ಮ ಮುಂದಿಡಲು ಧೈರ್ಯಮಾಡಿರುವೆವು.

ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುವುದು ಲೇಸು. ಪ್ರತಿಯೊಂದು ಮನೆಯಲ್ಲಿಯೂ ತರಕಾರಿಯ ಒಂದು ಪಾತಿ ಇರತಕ್ಕದ್ದು. ಒಂದೇ ಪಾತಿ, ಹೆಚ್ಚಿಲ್ಲ. ಅದನ್ನು ಯುಗಾದಿಯವರೆಗೆ ಕಾಯದೆ ಫೆಬ್ರವರಿಯ ಮೊದಲಲ್ಲಿಯೇ ಆರಂಭಿಸಬೇಕು. ಅದಕ್ಕೆ ಅಡಿಗೆಮನೆಯ ನೀರನ್ನಲ್ಲದೆ ಕುಡಿಯುವ ನೀರನ್ನು ಹಾಕಬಾರದು. ಅದರ ಕೆಲಸವು ತಾಯಿಯೊಬ್ಬಳ ಮೇಲಾಗಲಿ ಹೆಣ್ಣುಮಕ್ಕಳ ಮೇಲೆ ಮಾತ್ರವಾಗಲಿ ಬೀಳಬಾರದು. ಈ ನಾಲ್ಕನ್ನೂ ಏತಕ್ಕೆ ಹೇಳುವೆವೆಂಬುದನ್ನು ಕ್ರಮವಾಗಿ ವಿವರಿಸುವೆವು.

ವಸಂತವೆಂದೊಡನೆ ನಮ್ಮಲ್ಲಿ ಕೆಲವರಿಗೆ ಇಂಗ್ಲಿಷ್ ಪಾಠಪುಸ್ತಕದ ವಸಂತವು ನೆನಪಿಗೆ ಬರುವುದು. ಹಿಮ ಕರಗಿ, ನೆಲ ನೆನೆದು, ತಣ್ಣನೆಯ ಗಾಳಿಯಲ್ಲಿ ಬೀಜ ಬಿತ್ತುವ ಆ ವಸಂತವು ನಮ್ಮ ಸೀಮೆಯದಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 3000 ಅಡಿ ಎತ್ತರದಲ್ಲಿರುವ ನಮ್ಮ ಬೆಂಗಳೂರಿನಲ್ಲಿ ಜನವರಿಯ ಚಳಿ ಹಿಂಜರಿದ ಕೂಡಲೆ ಬಿಸಿಲು ಏರತೊಡಗುವುದು. ಯಲಹಂಕದಿಂದ ಹೆಬ್ಬಾಳದವರೆಗೆ ರಸ್ತೆಯ ಬದಿಯ ಹೊಂಗೆಯ ಮರಗಳು ಎಲೆಯುದುರಿಸಿ ಹೊಸ ಚಿಗುರಿಗೆ ಸಿದ್ಧವಾಗುವುವು. ಮಾವು ಹೂ ಬಿಡುವುದು. ನೋಡುವುದಕ್ಕೆ ಇದು ವಸಂತವೇ ಸರಿ. ಆದರೆ ಮಳೆಯು ಹೆಸರಿಗೆ ಮಾತ್ರ. ಏಪ್ರಿಲ್ ತಿಂಗಳು ನಮ್ಮಲ್ಲಿ ಎಲ್ಲಕ್ಕಿಂತ ಬಿಸಿಯಾದುದು. ಅದು ಕಳೆಯುತ್ತ ಬಂದಾಗಲೇ ಗುಡುಗಿನ ಮಳೆಯ ಭರವಸೆ. ಹೀಗಿರಲು, ಫೆಬ್ರವರಿಯ ಮೊದಲಲ್ಲಿ ಬಿತ್ತಿದ ಗಿಡವು ಬಿಸಿಲು ಬಲಿಯುವುದಕ್ಕೆ ಮುಂಚೆ ಬೇರು ಇಳಿಸಿಕೊಳ್ಳುವುದು. ಯುಗಾದಿ ಕಳೆದು ಬಿತ್ತಿದ ಗಿಡವಾದರೋ ಎಳೆಯ ಎಲೆಯಲ್ಲಿಯೇ ಉರಿಯನ್ನು ಕಾಣುವುದು. ಈ ಅಂತರವೇ ಅನೇಕ ಕೈತೋಟಗಳ ಅಳಿವು ಉಳಿವನ್ನು ನಿರ್ಣಯಿಸುವುದೆಂದು ನಮ್ಮ ನಂಬಿಕೆ.

ಇದನ್ನು ನಾವು ಕಲಿತದ್ದು ಬುದ್ಧಿವಂತಿಕೆಯಿಂದಲ್ಲ, ನಷ್ಟದಿಂದ. ಮೊದಲ ವರುಷ ನಾವು ಮಾರ್ಚ್ ತಿಂಗಳ ನಡುವೆ ಎಲೆಕೋಸಿನ ಸಸಿಗಳನ್ನು ತಂದು ನೆಟ್ಟೆವು. ಬೀಜದ ಪೊಟ್ಟಣದ ಮೇಲಿನ ಚಿತ್ರವು ಅಷ್ಟು ಸೊಗಸಾಗಿದ್ದಿತು. ದಿನಕ್ಕೆರಡು ಸಾರಿ ನೀರೆರೆದರೂ ಒಂದು ಗಿಡವಾದರೂ ಗಡ್ಡೆ ಕಟ್ಟಲಿಲ್ಲ. ಹುಳುಗಳು ಮಾತ್ರ ತೃಪ್ತಿಯಾಗಿ ಊಟಮಾಡಿದುವು. ನೆರೆಮನೆಯಲ್ಲಿದ್ದ ವೃದ್ಧೆಯೊಬ್ಬರು ಇದನ್ನು ನೋಡಿ, "ಚಳಿಗಾಲದ ಪದಾರ್ಥವನ್ನು ಬೇಸಗೆಯಲ್ಲಿ ಕೇಳಿದರೆ ಭೂಮಿ ಏನು ಮಾಡೀತಮ್ಮಾ? ಹರಿವೆ ಚೆಲ್ಲು, ಬೆಂಡೆ ಊರು" ಎಂದರು. ನಾವು ಓದಿದ್ದ ಸಸ್ಯಶಾಸ್ತ್ರಕ್ಕಿಂತ ಆ ಒಂದು ಮಾತು ಹೆಚ್ಚು ಪ್ರಯೋಜನಕ್ಕೆ ಬಂದಿತು.

ಇನ್ನು ಆಕ್ಷೇಪಣೆಗಳಿಗೆ ಬರೋಣ. ಮೊದಲನೆಯದು ಸ್ಥಳವಿಲ್ಲವೆಂಬುದು. ಇದರಲ್ಲಿ ಸತ್ಯವುಂಟು. ಒಂದಾನೊಂದು ಕಾಲದಲ್ಲಿ ಯಲಹಂಕದ ಸುತ್ತಲೂ ಹೊಲಗಳೂ ಕೆರೆಯ ಕೆಳಗಿನ ತೋಟಗಳೂ ಇದ್ದುವು. 2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣವು ತೆರೆದ ಮೇಲೆ ಆ ಹಾದಿಯ ಭೂಮಿಯೆಲ್ಲವೂ ನಿವೇಶನಗಳಾಗುತ್ತ ಬಂದಿತು. ಆರ್.ಟಿ. ನಗರದಲ್ಲಿಯೂ ಯಶವಂತಪುರದಲ್ಲಿಯೂ ಮನೆಯ ಹಿತ್ತಲೆಂಬುದು ಅನೇಕರಿಗೆ ನೆನಪು ಮಾತ್ರ. ಆದರೆ ನಾವು ಕೇಳುವುದು 10 ಅಡಿ ಉದ್ದ, 3 ಅಡಿ ಅಗಲದ ಸ್ಥಳವನ್ನು. ಹಿತ್ತಲಿಲ್ಲದವರಿಗೆ ತಾರಸಿಯುಂಟು, ತಾರಸಿಯ ಹಕ್ಕಿಲ್ಲದವರಿಗೆ ಬಿಸಿಲು ಬೀಳುವ ಮೊಗಸಾಲೆಯಲ್ಲಿ ನಾಲ್ಕು ಕುಂಡಗಳುಂಟು. ಬಿಸಿಲು ಮಾತ್ರ ದಿನಕ್ಕೆ ಐದಾರು ಗಂಟೆಗಳಾದರೂ ಬೀಳಬೇಕು. ಅದಿಲ್ಲದೆ ಕಾಯಿಪಲ್ಯವು ಆಗದು, ಸೊಪ್ಪು ಆದೀತು.

ತಾರಸಿಯ ಮೇಲೆ ಮಾಡುವವರು ಭಾರವನ್ನು ಮರೆಯಬಾರದು. ನೆನೆದ ಮಣ್ಣು ಒಂದು ಘನ ಅಡಿಗೆ 45ರಿಂದ 50 ಕಿಲೋ ತೂಗುವುದು. 4 ಅಡಿ ಉದ್ದ, 2 ಅಡಿ ಅಗಲ, 1 ಅಡಿ ಆಳದ ಪೆಟ್ಟಿಗೆಯು ತುಂಬಿದಾಗ ಸುಮಾರು 400 ಕಿಲೋ ಆಗುವುದು. ಇಂತಹ ಪೆಟ್ಟಿಗೆಯನ್ನು ತಾರಸಿಯ ನಡುವೆ ಇಡದೆ ಗೋಡೆಯೋ ತೊಲೆಯೋ ಇರುವ ಕಡೆಯಲ್ಲಿ, ಇಟ್ಟಿಗೆಗಳ ಮೇಲೆ ಎತ್ತಿ, ಕೆಳಗೆ ನೀರು ಹರಿದುಹೋಗುವಂತೆ ಇಡತಕ್ಕದ್ದು. ಹಳೆಯ ಕಟ್ಟಡವಾದರೆ ತಿಳಿದವರನ್ನು ಕೇಳಿಯೇ ಮುಂದುವರಿಯಬೇಕು. ಸೊಪ್ಪಿಗೆ ಅರ್ಧ ಅಡಿಯ ಮಣ್ಣೇ ಸಾಕು. ಬೆಂಡೆ ಬದನೆಗಳಿಗೆ ಮಾತ್ರ ಒಂದು ಅಡಿ ಬೇಕು.

ಎರಡನೆಯ ಆಕ್ಷೇಪಣೆಯು ನೀರಿನದು, ಇದು ಗಂಭೀರವಾದುದು. 2024ರ ಮಾರ್ಚ್ ತಿಂಗಳಿನಲ್ಲಿ ನಮ್ಮ ನಗರದ ಕೊಳವೆಬಾವಿಗಳು ಬತ್ತಿ, ಮನೆಮನೆಯವರೂ ಟ್ಯಾಂಕರಿನ ದಾರಿ ಕಾದುದನ್ನು ಯಾರೂ ಮರೆತಿರಲಾರರು. ಕುಡಿಯುವ ನೀರನ್ನು ತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಬಾರದೆಂದು ಜಲಮಂಡಳಿಯು ಆಗ ಆಜ್ಞೆಮಾಡಿ, ಮೀರಿದವರಿಗೆ 5000 ರೂಪಾಯಿ ದಂಡವನ್ನು ವಿಧಿಸಿತು. ಆ ಆಜ್ಞೆಯು ನ್ಯಾಯವಾದುದೆಂದೇ ನಾವು ಹೇಳುವೆವು. ಸುಮಾರು 100 ಕಿಲೋಮೀಟರು ದೂರದಿಂದ ಯಂತ್ರಬಲದಿಂದ ಮೇಲೆತ್ತಿ ತರುವ ಕಾವೇರಿಯ ನೀರನ್ನು, ಬೀದಿಯ ಕೊನೆಯ ಮನೆಗೆ ಕೊಡದ ದಿನ ನಮ್ಮ ಬೆಂಡೆಗಿಡಕ್ಕೆ ಸುರಿಯುವುದು ಧರ್ಮವಲ್ಲ. ಹಾಗಾದರೆ ಬೇಸಗೆಯ ಕೈತೋಟವನ್ನೇ ಬಿಡಬೇಕೋ? ಬೇಕಾಗಿಲ್ಲ, ಲೆಕ್ಕವನ್ನು ಮಾತ್ರ ಮಾಡಬೇಕು.

ಮೇಲೆ ಹೇಳಿದ 30 ಚದರ ಅಡಿಯ ಪಾತಿಗೆ ಬೇಸಗೆಯಲ್ಲಿ ದಿನಕ್ಕೆ ಸುಮಾರು 14 ಲೀಟರು ನೀರು ಸಾಕು. ಎಂದರೆ ಒಂದು ದೊಡ್ಡ ಕೊಡಕ್ಕಿಂತ ಸ್ವಲ್ಪ ಹೆಚ್ಚು. ಅಕ್ಕಿ ಬೇಳೆ ತೊಳೆದ ನೀರು, ಸೊಪ್ಪು ತರಕಾರಿ ತೊಳೆದ ನೀರು, ನೀರು ಶೋಧಿಸುವ ಯಂತ್ರದಿಂದ ಹೊರಗೆ ಹೋಗುವ ನೀರು, ಇವನ್ನು ಒಂದು ಬಕೇಟಿನಲ್ಲಿ ಹಿಡಿದಿಟ್ಟರೆ ನಾಲ್ಕೈದು ಮಂದಿಯ ಸಂಸಾರದಲ್ಲಿ ಇಷ್ಟು ದೊರೆಯುವುದು ಕಷ್ಟವಲ್ಲ. ಶೋಧಿಸುವ ಯಂತ್ರದ ನೀರಿನಲ್ಲಿ ಉಪ್ಪಿನಂಶ ಹೆಚ್ಚಾದುದರಿಂದ ಅದನ್ನು ಒಂದೇ ಸಮನೆ ಹಾಕದೆ ಇತರ ನೀರಿನೊಡನೆ ಬೆರೆಸಿ ಹಾಕತಕ್ಕದ್ದು. ಸಾಬೂನಿನ ನೀರು ಬೇಡ. ಪಾತಿಯ ಮೇಲೆ ಉದುರಿದ ಹೊಂಗೆಯ ಎಲೆಯನ್ನೋ ಒಣಹುಲ್ಲನ್ನೋ ಎರಡು ಅಂಗುಲ ದಪ್ಪವಾಗಿ ಹಾಸಿದರೆ ನೆಲ ಬೇಗ ಆರದು. ಎರಡು ಪಾತಿಗೆ ನೀರು ಸಾಲದೆಂದೇ ನಾವು ಒಂದೇ ಪಾತಿಯೆಂದು ಹಟಹಿಡಿದಿರುವುದು. ಆಸೆಗೆ ತಕ್ಕಂತೆ ನೀರನ್ನು ಹುಡುಕಬಾರದು, ನೀರಿಗೆ ತಕ್ಕಂತೆ ಆಸೆಯನ್ನು ಕತ್ತರಿಸಬೇಕು.

ಮಣ್ಣಿನ ಸಂಗತಿ. ನಮ್ಮ ಕಡೆಯ ಕೆಂಪುಮಣ್ಣು ಒಳ್ಳೆಯದೇ. ಆದರೆ ಬರಿಯ ಕೆಂಪುಮಣ್ಣು ಕುಂಡದಲ್ಲಿ ನೀರು ಕುಡಿದು ಇಟ್ಟಿಗೆಯಂತೆ ಗಟ್ಟಿಯಾಗುವುದು. ಎರಡು ಭಾಗ ಕೆಂಪುಮಣ್ಣು, ಒಂದು ಭಾಗ ಗೊಬ್ಬರ, ಒಂದು ಭಾಗ ಮರಳು ಅಥವಾ ತೆಂಗಿನ ನಾರಿನ ಪುಡಿ ಸೇರಿಸಿ, ಒಂದೆರಡು ಹಿಡಿ ಬೇವಿನ ಹಿಂಡಿಯನ್ನು ಬೆರೆಸಬೇಕು. ಗೊಬ್ಬರವನ್ನು ಕೊಳ್ಳಬಹುದು, ಮನೆಯಲ್ಲಿ ಮಾಡುವುದು ಮೇಲು. ತರಕಾರಿಯ ಸಿಪ್ಪೆ ಒಂದು ಪಾಲಿಗೆ ಒಣಗಿದ ಎಲೆ ಎರಡು ಪಾಲು ಹಾಕಿ, ಗಾಳಿಯಾಡುವ ಪಾತ್ರೆಯಲ್ಲಿ ಮುಚ್ಚಿಟ್ಟು, ವಾರಕ್ಕೊಮ್ಮೆ ಕೈಯಾಡಿಸಿದರೆ ಎರಡು ಮೂರು ತಿಂಗಳುಗಳಲ್ಲಿ ಮಣ್ಣಿನ ವಾಸನೆಯ ಕರಿಯ ಗೊಬ್ಬರವಾಗುವುದು. ಇದರಿಂದ ತಿಳಿಯುವುದೇನೆಂದರೆ, ಫೆಬ್ರವರಿಯ ಪಾತಿಯು ನಿಜವಾಗಿ ನವೆಂಬರಿನಲ್ಲಿಯೇ ಆರಂಭವಾಗುವುದು. ಈ ವರುಷ ಗೊಬ್ಬರವನ್ನು ಕೊಂಡವರು ಇಂದೇ ಸಿಪ್ಪೆಯನ್ನು ಕೂಡಿಡತೊಡಗಲಿ. ಜೂನ್ ತಿಂಗಳ ಬಿತ್ತನೆಗೆ ಒದಗುವುದು.

ಬೀಜದ ವಿಷಯದಲ್ಲಿ ಉತ್ತರ ಬೆಂಗಳೂರಿನವರಾದ ನಾವು ಭಾಗ್ಯವಂತರು. 1899ರಲ್ಲಿ, ಮೈಸೂರು ರಾಜ್ಯಭಾರವನ್ನು ರೀಜೆಂಟರಾಗಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ವಹಿಸಿದ್ದ ಕಾಲದಲ್ಲಿ, ಹೆಬ್ಬಾಳದಲ್ಲಿ ವ್ಯವಸಾಯದ ಪ್ರಯೋಗಕ್ಷೇತ್ರವು ಸ್ಥಾಪಿತವಾಯಿತು. ಅಲ್ಲಿ 1913ರಲ್ಲಿ ವ್ಯವಸಾಯದ ಶಾಲೆಯೂ 1946ರಲ್ಲಿ ಕಾಲೇಜೂ ಬಂದುವು. 1964ರಲ್ಲಿ ಅದೇ ಬೇರಿನಿಂದ ಕೃಷಿ ವಿಶ್ವವಿದ್ಯಾನಿಲಯವು ಬೆಳೆಯಿತು. ಒಬ್ಬ ಸ್ತ್ರೀಯ ಆಳಿಕೆಯಲ್ಲಿ ಊರಿದ ಬೀಜವು ಇಂದು ನಾಡಿಗೆಲ್ಲ ನೆರಳಾಗಿರುವುದೆಂಬುದನ್ನು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಬರೆಯುವುದು ನಮಗೆ ಸಂತೋಷ. 1967ರಲ್ಲಿ ಹುಟ್ಟಿ ಈಗ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತರಕಾರಿಯ ಅನೇಕ ತಳಿಗಳನ್ನು ಕೊಟ್ಟಿರುವರು. ಬಿಳಿನೊಣದಿಂದ ಹರಡುವ ಹಳದಿ ನಂಜುರೋಗವನ್ನು ತಾಳಿಕೊಳ್ಳುವಂತೆ ಬೆಳೆಸಿದ ಅರ್ಕಾ ಅನಾಮಿಕ ಬೆಂಡೆ, ಮತ್ತೆ ಮತ್ತೆ ಕೊಯ್ಯಬಹುದಾದ ಅರ್ಕಾ ಸುಗುಣ ಹರಿವೆ, ಇವು ಕೈತೋಟಕ್ಕೆ ಒಪ್ಪುವಂತಹವು. ಅರ್ಕಾ ರಕ್ಷಕ್ ಎಂಬ ಟೊಮೇಟೋ ಮೂರು ರೋಗಗಳನ್ನು ತಡೆಯುವುದಾದರೂ ಅದು ಮಿಶ್ರತಳಿಯಾದುದರಿಂದ ಅದರ ಹಣ್ಣಿನ ಬೀಜವನ್ನು ಕೂಡಿಟ್ಟು ಬಿತ್ತಿದರೆ ಅದೇ ಗುಣ ಬಾರದು. ಬೀಜವನ್ನು ಉಳಿಸಿಕೊಳ್ಳಬಯಸುವವರು ಇದನ್ನು ನೆನಪಿನಲ್ಲಿಡತಕ್ಕದ್ದು.

ಬಿತ್ತುವ ಕ್ರಮವು ಸುಲಭ. ಪಾತಿಯ ಮುಕ್ಕಾಲು ಭಾಗವನ್ನು ಎರಡಾಗಿ ಹಂಚಿ, ಒಂದರಲ್ಲಿ ಬೆಂಡೆ, ಮತ್ತೊಂದರಲ್ಲಿ ಹರಿವೆ ದಂಟುಗಳನ್ನು ಹಾಕಬೇಕು. ಉಳಿದ ಕಾಲು ಭಾಗದಲ್ಲಿ, ಗೋಡೆಗೋ ಚಪ್ಪರಕ್ಕೋ ಹತ್ತುವಂತೆ, ಹೀರೆ ಅಥವಾ ಹಾಗಲದ ಒಂದು ಗುಳಿ. ಮೂಲೆಯಲ್ಲಿ ಬಸಳೆಯ ಒಂದು ಕಡ್ಡಿ. ಬೆಂಡೆಯ ಬೀಜವನ್ನು ರಾತ್ರಿ ನೆನೆಯಿಟ್ಟು, ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಟ್ಟು, ಅರ್ಧ ಅಂಗುಲ ಆಳದಲ್ಲಿ ಎರಡೆರಡಾಗಿ ಊರಬೇಕು. ವಾರದೊಳಗೆ ಮೊಳಕೆ ತೋರುವುದು. ಎರಡರಲ್ಲಿ ಬಲವಾದುದನ್ನು ಉಳಿಸಿ ಮತ್ತೊಂದನ್ನು ಕೀಳಬೇಕು. ಇದು ಮನಸ್ಸಿಗೆ ಕಷ್ಟವಾಗುವ ಕೆಲಸ. ಆದರೆ ಎರಡನ್ನೂ ಉಳಿಸಿದವರು ಎರಡನ್ನೂ ಕೆಡಿಸಿದಂತೆಯೇ ಸರಿ. ಹರಿವೆಯ ಬೀಜವು ಸಾಸಿವೆಗಿಂತ ಸಣ್ಣದಾದುದರಿಂದ ಮರಳಿನೊಡನೆ ಬೆರೆಸಿ ಚೆಲ್ಲಿ, ಮೇಲೆ ತೆಳುವಾಗಿ ಗೊಬ್ಬರ ಉದುರಿಸಿ, ಕೈಯಿಂದ ನೀರು ಚಿಮುಕಿಸತಕ್ಕದ್ದು. ಹೀರೆಯ ಗುಳಿಗೆ ಮೂರು ಬೀಜ ಹಾಕಿ ಎರಡು ಬಳ್ಳಿ ಉಳಿಸಿದರೆ ಸಾಕು.

ಹರಿವೆಯು ಸುಮಾರು 25 ದಿನಗಳಿಗೆ ಕೊಯ್ಲಿಗೆ ಬರುವುದು. ಬೆಂಡೆಯು 45ರಿಂದ 50 ದಿನಗಳಿಗೆ ಕಾಯಿ ಕೊಡತೊಡಗುವುದು. ಅನುಭವವಿಲ್ಲದವರು ಮೊದಲು ಹರಿವೆಯನ್ನು ಚೆಲ್ಲಲೇಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ. ತಿಂಗಳೊಳಗೆ ಒಂದು ಹೊತ್ತಿನ ಹುಳಿ ಮನೆಯ ಸೊಪ್ಪಿನಿಂದಾದರೆ ಮಕ್ಕಳ ಉತ್ಸಾಹವು ಏಪ್ರಿಲ್ ತಿಂಗಳನ್ನು ದಾಟುವುದು. ಹೀರೆಯ ಬಳ್ಳಿಯಲ್ಲಿ ಮೊದಲು ಬಿಡುವ ಹೂವುಗಳೆಲ್ಲ ಉದುರುವುದನ್ನು ಕಂಡು ಎದೆಗೆಡಬಾರದು, ಅವು ಗಂಡುಹೂವುಗಳು. ಬುಡದಲ್ಲಿ ಎಳೆಯ ಕಾಯಿಯ ಆಕಾರವುಳ್ಳ ಹೆಣ್ಣುಹೂವು ಆಮೇಲೆ ಬರುವುದು. ಹೀರೆಯ ಹೂವು ಸಂಜೆ ಅರಳುವುದು. ಎತ್ತರದ ತಾರಸಿಗೆ ದುಂಬಿಗಳು ಬಾರದಿದ್ದರೆ ಗಂಡುಹೂವೊಂದನ್ನು ಕಿತ್ತು ಹೆಣ್ಣುಹೂವಿಗೆ ಮೆಲ್ಲಗೆ ಸೋಕಿಸಿದರೆ ಕಾಯಿ ಕಟ್ಟುವುದು. ಹೇನಿನಂತಹ ಸಣ್ಣ ಹುಳುಗಳು ಎಲೆಯ ಅಡಿಯಲ್ಲಿ ಸೇರಿದರೆ ಮೊದಲು ನೀರಿನಿಂದ ತೊಳೆಯಬೇಕು. ಹೋಗದಿದ್ದರೆ ಒಂದು ಲೀಟರು ನೀರಿಗೆ ಒಂದು ಚಮಚ, ಎಂದರೆ 5 ಮಿಲಿಲೀಟರು, ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನಿನೊಡನೆ ಕದಡಿ ಸಂಜೆಯಲ್ಲಿ ಸಿಂಪಡಿಸಬಹುದು. ಅಂಗಡಿಯ ಕಠಿಣ ವಿಷಗಳನ್ನು ಮಕ್ಕಳು ಓಡಾಡುವ ಮನೆಯೊಳಗೆ ತರುವುದಕ್ಕಿಂತ ನಾಲ್ಕು ಕಾಯಿ ಕಳೆದುಕೊಳ್ಳುವುದು ಮೇಲು.

ಮೂರನೆಯ ಮಾತು ಲಾಭದ್ದು. ಮನೆಯ ಪಾತಿಯಿಂದ ತಿಂಗಳ ಖರ್ಚು ಅರ್ಧಕ್ಕೆ ಇಳಿಯುವುದೆಂದು ಹೇಳುವವರುಂಟು. ಹೀಗೆ ಹೇಳಿ ಯಾರನ್ನೂ ಮರುಳುಗೊಳಿಸಬಾರದು. ಕುಂಡ, ಮಣ್ಣು, ಬೀಜಗಳ ಲೆಕ್ಕ ಹಿಡಿದರೆ ಮೊದಲ ವರುಷ ನಮಗೆ ನಷ್ಟವೇ ಆಯಿತು. ಲಾಭವು ಬೇರೆ ಕಡೆಯಲ್ಲಿರುವುದು. 2023ರ ಜುಲೈ ತಿಂಗಳಿನಲ್ಲಿ ಟೊಮೇಟೋ ಕಿಲೋ ಒಂದಕ್ಕೆ 100 ರೂಪಾಯಿಯನ್ನು ದಾಟಿದಾಗ ನಾವೆಲ್ಲರೂ ಕೂಗಿಕೊಂಡೆವು. ಸೆಪ್ಟೆಂಬರಿನ ಹೊತ್ತಿಗೆ ಅದರ ಬೆಲೆ ಕುಸಿದು ಬೆಳೆದವರು ಕಂಗೆಟ್ಟಾಗ ನಮ್ಮಲ್ಲಿ ಎಷ್ಟು ಮಂದಿ ಮಾತನಾಡಿದೆವು? ಸೊಪ್ಪಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಬೆಳಗಿನ ಜಾವದಲ್ಲಿ ಬಾಗಿಲಿಗೆ ಬರುವ ಅಮ್ಮನೊಡನೆ ಒಂದು ಕಟ್ಟಿಗೆ ಐದು ರೂಪಾಯಿ ಇಳಿಸೆಂದು ನಾವು ಚೌಕಾಸಿ ಮಾಡುತ್ತಿದ್ದೆವು. ಒಂದು ಕಟ್ಟು ಹರಿವೆಗೆ 25 ದಿನ ನೀರು ಹೊತ್ತ ಮೇಲೆ ನಮ್ಮ ಮನೆಯಲ್ಲಿ ಆ ಚೌಕಾಸಿಯು ನಿಂತುಹೋಯಿತು. ಅದನ್ನು ನಿಲ್ಲಿಸಿದವರು ನಾವಲ್ಲ. ನಮ್ಮ ಹತ್ತು ವರುಷದ ಮಗಳು. "ಅಮ್ಮಾ, ಅವರು ಎಷ್ಟು ಕೊಡ ಹೊತ್ತಿರಬೇಕು!" ಎಂದಳು. ನಮಗೆ ತಲೆಯೆತ್ತಿ ನೋಡಲು ನಾಚಿಕೆಯಾಯಿತು. ಪಾತಿಯು ನಮಗೆ ಕೊಟ್ಟ ಬೆಳೆಗಳಲ್ಲಿ ಇದನ್ನೇ ನಾವು ಮೊದಲನೆಯದಾಗಿ ಎಣಿಸುವೆವು.

ಕೊನೆಯ ಆಕ್ಷೇಪಣೆಯನ್ನು ನಮ್ಮ ಹಳೆಯ ಗೆಳತಿಯೊಬ್ಬರು ನೇರವಾಗಿಯೇ ಹೇಳಿದರು: "ಆಫೀಸಿನಿಂದ ಬಂದು ಅಡಿಗೆ ಮಾಡಿ, ಪಾಠ ಹೇಳಿಕೊಟ್ಟು, ಇನ್ನು ಗಿಡಕ್ಕೆ ನೀರೂ ನಾನೇ ಹೊರಲೇ?" ಈ ಪ್ರಶ್ನೆಗೆ ಉತ್ತರವಿಲ್ಲದೆ ಕೈತೋಟವನ್ನು ಹೊಗಳುವುದು ಅನ್ಯಾಯ. ಮನೆಯ ಪಾತಿಯು ತಾಯಿಯ ಹೆಗಲಿಗೆ ಹೊಸದೊಂದು ಹೊರೆಯಾಗುವುದಾದರೆ ಅದು ಬೇಡವೇ ಬೇಡ. ತಂದೆಯು ಮಣ್ಣು ಕಲಸಲಿ. ಗಂಡುಹುಡುಗರು ಬಕೇಟು ಹೊರಲಿ. ಅಜ್ಜಿ ತಾತಂದಿರಿದ್ದರೆ ಬೆಳಗಿನ ಮೇಲ್ವಿಚಾರಣೆಯು ಅವರದಾಗಲಿ. ನಾವು ಓದುತ್ತಿದ್ದ ದಿವಸಗಳಲ್ಲಿ ತೋಟದ ಕೆಲಸವು ಹೆಣ್ಣುಮಕ್ಕಳ ಗೃಹಕೃತ್ಯದ ಪಾಠದೊಳಗೆ ಸೇರಿದ್ದಿತು. ಅದು ನಮಗೆ ಒಳ್ಳೆಯದನ್ನೇ ಮಾಡಿತು. ಆದರೆ ನಮ್ಮ ಅಣ್ಣತಮ್ಮಂದಿರಿಗೆ ಆ ಪಾಠವು ದೊರೆಯಲಿಲ್ಲವೆಂಬ ವ್ಯಸನವು ಉಳಿದಿದೆ. ತಿನ್ನುವವರೆಲ್ಲರೂ ಬೆಳೆಯುವುದನ್ನು ಅರಿಯತಕ್ಕದ್ದು. ದಿನಕ್ಕೆ ಇಪ್ಪತ್ತು ನಿಮಿಷದ ಕೆಲಸ. ನಾಲ್ಕು ಮಂದಿ ಹಂಚಿಕೊಂಡರೆ ಒಬ್ಬೊಬ್ಬರಿಗೆ ಐದು ನಿಮಿಷ. ರಜದಲ್ಲಿ ಊರಿಗೆ ಹೋಗುವಾಗ ನೆರೆಮನೆಯವರಿಗೆ ಒಪ್ಪಿಸಿ, ಆ ವಾರದ ಕಾಯಿ ಅವರದೆಂದು ಹೇಳಿ ಹೋದರೆ ಗಿಡವೂ ಉಳಿಯುವುದು, ನೆರೆಹೊರೆಯೂ ಬೆಳೆಯುವುದು.

ನಮ್ಮ ಶಾಲೆಯವರಲ್ಲಿಯೂ ಒಂದು ಬಿನ್ನಹ. ತರಗತಿಗೊಂದು ಪಾತಿಯನ್ನು ಕೊಟ್ಟು, ಜೂನ್ ತಿಂಗಳ ಮಳೆಗೆ ಬಿತ್ತಿಸಿ, ಫೆಬ್ರವರಿಯಲ್ಲಿ ಎರಡನೆಯ ಸಾರಿ ಬಿತ್ತಿಸಿದರೆ, ಪುಸ್ತಕದಲ್ಲಿ ಓದಿದ ಋತುಗಳನ್ನು ಮಕ್ಕಳು ಕೈಯಿಂದ ಓದುವರು. ಇದಕ್ಕೆ ಅಂಕಗಳನ್ನು ಇಡಬಾರದೆಂದು ನಮ್ಮ ಕೋರಿಕೆ. ಅಂಕಗಳಿದ್ದರೆ ಗಿಡ ಬಾಡಿದ ಮಗುವು ಸುಳ್ಳು ಹೇಳುವುದನ್ನು ಕಲಿಯುವುದು. ಅಂಕಗಳಿಲ್ಲದಿದ್ದರೆ ಏತಕ್ಕೆ ಬಾಡಿತೆಂದು ಕೇಳುವುದನ್ನು ಕಲಿಯುವುದು. ಸಲಹೆ ಬೇಕಾದರೆ ಹೆಬ್ಬಾಳವೂ ಹೆಸರಘಟ್ಟವೂ ನಮಗೆ ದೂರವಿಲ್ಲ. ಹೆಸರಘಟ್ಟದ ತೋಟಗಾರಿಕಾ ಮೇಳವು ಬಹುಮಟ್ಟಿಗೆ ಫೆಬ್ರವರಿಯಲ್ಲಿಯೇ ನಡೆಯುವುದರಿಂದ, ಒಂದು ದಿನದ ವನವಿಹಾರಕ್ಕೆ ಬದಲಾಗಿ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬಹುದು.

ಸಹೋದರಿಯರೇ, ಬರುವ ವರುಷದ ಕೂಟಕ್ಕೆ ತಾವು ಬರುವಾಗ ಬೇರೆ ಉಡುಗೊರೆ ಏನೂ ಬೇಡ. ಬೆಂಡೆಯ ಗಿಡವೊಂದರಲ್ಲಿ ಎರಡು ಕಾಯಿಗಳನ್ನು ಕೊಯ್ಯದೆ ಬಿಟ್ಟು, ಅವು ಒಣಗಿ ಬಿರುಕು ಬಿಟ್ಟಾಗ ಬೀಜ ಬಿಡಿಸಿ, ಕಾಗದದ ಪೊಟ್ಟಣದಲ್ಲಿ ಬಿತ್ತಿದ ತಿಂಗಳನ್ನು ಬರೆದು ತನ್ನಿರಿ. ಯಲಹಂಕದ ಬೀಜವು ಯಶವಂತಪುರದ ತಾರಸಿಯಲ್ಲಿಯೂ, ಆರ್.ಟಿ. ನಗರದ ಬೀಜವು ಹೆಬ್ಬಾಳದ ಹಿತ್ತಲಿನಲ್ಲಿಯೂ ಮೊಳೆಯಲಿ. ಗಿಡ ಒಣಗಿದವರು ಬರಿಗೈಯಲ್ಲಿಯೇ ಬರಲಿ. ಅವರಿಗೂ ಒಂದು ಹಿಡಿ ಬೀಜವನ್ನು ನಾವು ಎತ್ತಿಟ್ಟಿರುವೆವು.